‘ಕುಡಿಯದಿದ್ದರೆ ದೇವರಂಥ ಮನುಷ್ಯ’: ಕುಡಿತ ಬಿಡಿಸಿದರೆ ಹೊಡೆತ ನಿಲ್ಲುತ್ತದಾ?

ಪ್ರಶ್ನೆ: ನಾನು ಬೆಂಗಳೂರಿನ ಲಗ್ಗೆರೆ ಕಡೆಯವಳು. ವಯಸ್ಸು 36. ನರ್ಸರಿ ಶಾಲೆಯಲ್ಲಿ ಟೀಚರ್. ನಮ್ಮ ಯಜಮಾನರು ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್. ಮಗಳಿಗೆ 12, ಮಗನಿಗೆ 5. ಮೊದಲು ಶನಿವಾರ ಮಾತ್ರ ಕುಡಿಯುತ್ತಿದ್ದರು, ಈಗ ಮೂರು ವರ್ಷದಿಂದ ದಿನಾ. ಬೆಳಿಗ್ಗೆ ಕೈ ನಡುಗುತ್ತದೆ, ಒಂದು ಪ್ಯಾಕೆಟ್ ಹಾಕಿದ ಮೇಲೇ ಕೆಲಸಕ್ಕೆ ಹೋಗುವುದು. ರಾತ್ರಿ ಕುಡಿದು ಬಂದರೆ ಜಗಳ, ಹೊಡೆತ. ಯುಗಾದಿಯ ಹಿಂದಿನ ವಾರ ಕುತ್ತಿಗೆ ಹಿಡಿದಿದ್ದರು, ಆಮೇಲೆ ಬಿಟ್ಟರು. ಮಕ್ಕಳ ಮೇಲೆ ಕೈ ಮಾಡಿಲ್ಲ. ಆದರೆ ಮಗಳು ಮೊನ್ನೆ, ‘ಅಪ್ಪ ಬೈಕ್ ಸ್ಟ್ಯಾಂಡ್ ಹಾಕೋ ಸದ್ದಲ್ಲೇ ಇವತ್ತು ಹೆಂಗೆ ಅಂತ ಗೊತ್ತಾಗುತ್ತಮ್ಮ’ ಅಂದಳು. ಹೋದ ವರ್ಷ ಅಯ್ಯಪ್ಪ ಮಾಲೆ ಹಾಕಿದ್ದಾಗ 41 ದಿನ ಮುಟ್ಟಲಿಲ್ಲ. ಮೊದಲ ನಾಲ್ಕು ದಿನ ಮೈ ನಡುಗಿ ಬೆವರಿತು, ಜ್ವರ ಅಂದುಕೊಂಡೆವು. ಆ ದಿನಗಳಲ್ಲಿ ಹೊಡೆಯಲಿಲ್ಲ. ಆದರೆ ನನ್ನ ಫೋನ್ ನೋಡುವುದು, ತವರಿಗೆ ಹೋಗಬೇಡ ಅನ್ನುವುದು, ಸಾರು ಸಪ್ಪೆ ಅಂತ ತಟ್ಟೆ ಎಸೆಯುವುದು ಇತ್ತು. ಅತ್ತೆ, ‘ಗೊತ್ತಾಗದ ಹಾಗೆ ಸಾರಿಗೆ ಮಾತ್ರೆ ಪುಡಿ ಹಾಕು’ ಅನ್ನುತ್ತಾರೆ. ಅಣ್ಣ, ‘ಕುಡಿತ ಬಿಡಿಸೋ ಸೆಂಟರ್‌ನವರಿಗೆ ಹೇಳಿದರೆ ಗಾಡಿ ತಂದು ಎತ್ತಿಕೊಂಡು ಹೋಗ್ತಾರೆ’ ಅನ್ನುತ್ತಾನೆ. ಕುಡಿಯದಿದ್ದರೆ ದೇವರಂಥ ಮನುಷ್ಯ ಅಂತ ಎಲ್ಲರೂ ಹೇಳುತ್ತಾರೆ. ಕುಡಿತ ಬಿಟ್ಟರೆ ಹೊಡೆಯುವುದೂ ನಿಲ್ಲುತ್ತದಾ? ಮಕ್ಕಳಿಗೆ ಅಪ್ಪ ಬೇಕಲ್ವಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತೇನೆ. ಆದರೆ ನೀವು ಕೇಳದೆಯೇ ಸುಮ್ನೆ ಹೇಳಿ ಮುಂದೆ ಹೋದ ಒಂದು ಸಾಲಿದೆ. ಅದರಿಂದಲೇ ಶುರು ಮಾಡಬೇಕು.

‘ಕುತ್ತಿಗೆ ಹಿಡಿದಿದ್ದರು, ಆಮೇಲೆ ಬಿಟ್ಟರು.’

ಇದು ಕಪಾಳಕ್ಕೆ ಹೊಡೆದ ಹಾಗೆ ಅಲ್ಲ ತಾಯಿ. ಕುತ್ತಿಗೆ ಅಮುಕಿದಾಗ ಮಿದುಳಿಗೆ ಹೋಗುವ ರಕ್ತ ಕೆಲವೇ ಸೆಕೆಂಡುಗಳಲ್ಲಿ ನಿಂತು ಎಚ್ಚರ ತಪ್ಪಬಹುದು. ಹೊರಗೆ ಒಂದು ಗೀರೂ ಕಾಣದೆ ಒಳಗಿನ ರಕ್ತನಾಳಕ್ಕೆ ಪೆಟ್ಟಾಗಬಹುದು. ಅದರ ತೊಂದರೆ ದಿನಗಳಾದ ಮೇಲೂ ಕಾಣಿಸಿಕೊಳ್ಳುತ್ತದೆ. ಗಂಡನ ಕೈಯಲ್ಲಿ ಸತ್ತ ಹೆಂಗಸರ ಹಿಂದಿನ ಕಥೆಯನ್ನು ಕೆದಕಿ ನೋಡಿದ ಸಂಶೋಧಕರು ಅಮೆರಿಕದಲ್ಲಿದ್ದಾರೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜಾಕ್ವೆಲಿನ್ ಕ್ಯಾಂಪ್‌ಬೆಲ್ ಅವರಲ್ಲಿ ಮುಖ್ಯರು. ಒಮ್ಮೆ ಕುತ್ತಿಗೆ ಹಿಸುಕಿಸಿಕೊಂಡ ಹೆಂಗಸು ಮುಂದೆ ಅದೇ ಗಂಡನ ಕೈಯಲ್ಲಿ ಸಾಯುವ ಅಪಾಯ ಸುಮಾರು 7 ಪಟ್ಟು ಜಾಸ್ತಿ ಅಂತ ಅವರ ತಂಡದ 2008ರ ಅಧ್ಯಯನ ತೋರಿಸಿತು. ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ಎದುರಿಗೆ ಕೂತ ಎಷ್ಟೋ ಹೆಂಗಸರು ನಿಮ್ಮ ಹಾಗೇ ಇದನ್ನು ನಡುವೆ ಒಂದು ಸಾಲಾಗಿ ಹೇಳಿ ಮುಂದೆ ಹೋಗುತ್ತಾರೆ. ನಾನು ಅಲ್ಲೇ ನಿಲ್ಲಿಸಿ ಕೇಳುತ್ತೇನೆ: ಆಮೇಲೆ ಧ್ವನಿ ಗೊಗ್ಗರಾಯಿತಾ? ನುಂಗಲು ಕಷ್ಟವಾಯಿತಾ? ಕಣ್ಣಲ್ಲಿ ಕೆಂಪು ಚುಕ್ಕೆ ಬಂತಾ? ತಲೆ ಸುತ್ತಿತಾ, ಬಟ್ಟೆಯಲ್ಲೇ ಮೂತ್ರ ಹೋಯಿತಾ? ಇದರಲ್ಲಿ ಒಂದಾದರೂ ಆಗಿದ್ದರೆ ಈಗಲೂ ಆಸ್ಪತ್ರೆಗೆ ಹೋಗಿ. ‘ಬಿದ್ದೆ’ ಅನ್ನಬೇಡಿ. ‘ಕುತ್ತಿಗೆ ಹಿಸುಕಿದ್ದರು’ ಅಂತಲೇ ಹೇಳಿ, ಚೀಟಿಯಲ್ಲಿ ಬರೆಸಿ.

ಕುಡಿತದ ಚಿಕಿತ್ಸೆ ಮುಖ್ಯ. ಅದು ಶುರುವಾಗುವ ತನಕ, ಶುರುವಾದ ಮೇಲೂ, ನೀವು ಮತ್ತು ಮಕ್ಕಳು ಸುರಕ್ಷಿತವಾಗಿ ಇರುವುದು ಅದಕ್ಕಿಂತ ಮುಖ್ಯ. ಹಾಗಾಗಿ ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಜಗಳ ಶುರುವಾಗುವ ಲಕ್ಷಣ ಕಂಡರೆ ಅಡುಗೆಮನೆಯಲ್ಲಿ ನಿಲ್ಲಬೇಡಿ, ಅಲ್ಲಿ ಚಾಕು, ಕುದಿಯುವ ನೀರು ಎಲ್ಲ ಇರುತ್ತದೆ. ಬಚ್ಚಲುಮನೆಯೂ ಬೇಡ, ಅಲ್ಲಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಬಾಗಿಲ ಹತ್ತಿರ ಇರಿ. ಆಧಾರ್, ರೇಷನ್ ಕಾರ್ಡ್, ಮಕ್ಕಳ ಜನನ ಪತ್ರ, ಬ್ಯಾಂಕ್ ಪಾಸ್‌ಬುಕ್ ಇವುಗಳ ಜೆರಾಕ್ಸ್, ಒಂದು ಜೊತೆ ಬೀಗದ ಕೈ, ಸ್ವಲ್ಪ ದುಡ್ಡು ಒಂದು ಚೀಲದಲ್ಲಿ ಹಾಕಿ ಮನೆಯ ಹೊರಗೆ ಎಲ್ಲಾದರೂ ಇಡಿ. ಶಾಲೆಯ ನಿಮ್ಮ ಕಪಾಟಿನಲ್ಲಿಟ್ಟರೂ ಆಯಿತು. ವಠಾರದಲ್ಲೋ ಪಕ್ಕದ ಮನೆಯಲ್ಲೋ ನಂಬುವ ಒಬ್ಬರಿಗೆ ವಿಷಯ ಹೇಳಿ. ಫೋನ್‌ನಲ್ಲಿ ಯಾವ ಮಾತು ಬಂದರೆ ಅವರು ಬಾಗಿಲು ಬಡಿಯಬೇಕು ಅಂತ ಮಾತಾಡಿಕೊಂಡಿರಿ. ‘ಆಂಟಿ, ಮೊಸರಿಗೆ ಹೆಪ್ಪು ಇದೆಯಾ?’ ಅನ್ನುವುದೂ ಸಾಕು. ಪೊಲೀಸ್ ಬೇಕಾದರೆ 112. ಮಹಿಳಾ ಸಹಾಯವಾಣಿ 181. ಮಕ್ಕಳಿಗಾಗಿ 1098. ನಿಮ್ಮ ಫೋನನ್ನು ಅವರು ನೋಡುತ್ತಾರಲ್ಲ, ಈ ನಂಬರುಗಳನ್ನು ಬೇರೆ ಹೆಸರಲ್ಲಿ ಇಟ್ಟುಕೊಳ್ಳಿ, ಕರೆ ಮಾಡಿದ್ದನ್ನು ಅಳಿಸಿ. ಶಾಲೆಯ ಫೋನಿನಿಂದ ಮಾಡಿದರೆ ಇನ್ನೂ ಒಳ್ಳೆಯದು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕುಡಿತ ಬಿಟ್ಟರೆ ಹೊಡೆತ ನಿಲ್ಲುತ್ತದಾ?

ಉತ್ತರ ನಿಮ್ಮ ಪತ್ರದಲ್ಲೇ ಇದೆ. ಮಾಲೆ ಹಾಕಿದ 41 ದಿನ. ನಮ್ಮಲ್ಲಿ ಕುಡಿಯುವ ಗಂಡಸಿನ ಮನೆಯವರು ಬಂದರೆ ನಾನು ತಪ್ಪದೆ ಕೇಳುವ ಪ್ರಶ್ನೆ ಇದು: ‘ಮಾಲೆ ಹಾಕಿದ್ದಾಗ, ಶ್ರಾವಣದಲ್ಲಿ ಬಿಟ್ಟಿದ್ದಾಗ, ಮನೆಯಲ್ಲಿ ಹೇಗಿದ್ದರು?’ ಯಾವ ರಕ್ತಪರೀಕ್ಷೆಯೂ ಕೊಡದ ಮಾಹಿತಿ ಇದರಿಂದ ಸಿಗುತ್ತದೆ. ಕೆಲವರು ಆ ದಿನಗಳಲ್ಲಿ ನಿಜಕ್ಕೂ ಮೆತ್ತಗಾಗಿರುತ್ತಾರೆ. ಮಕ್ಕಳ ಜೊತೆ ಕೂತು ಊಟ ಮಾಡುತ್ತಾರೆ, ಹೆಂಡತಿ ನಿಶ್ಚಿಂತೆಯಿಂದ ಮಲಗುತ್ತಾಳೆ. ಇನ್ನು ಕೆಲವರ ಕೈ ಮಾತ್ರ ನಿಂತಿರುತ್ತದೆ. ಫೋನ್ ನೋಡುವುದು, ಎಲ್ಲಿಗೂ ಹೋಗಬೇಡ ಅನ್ನುವುದು, ತಟ್ಟೆ ಎಸೆಯುವುದು ಹಾಗೇ ಇರುತ್ತದೆ. ನಿಮ್ಮ ಯಜಮಾನರು ಎರಡನೇ ಗುಂಪಿಗೆ ಸೇರಿದವರು. ಆ 41 ದಿನ ಅವರು ಹೊಡೆಯಲಿಲ್ಲ ನಿಜ. ಆದರೆ ನೀವು ಹೆದರಿಕೊಂಡೇ ಇದ್ದಿರಿ, ಅಲ್ವಾ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಇದಕ್ಕೆ ಲೆಕ್ಕವಿದೆ. ಪದೇ ಪದೇ ಕುಡಿದು ಅಮಲೇರಿಸಿಕೊಳ್ಳುವ ಗಂಡಂದಿರ ಹೆಂಡತಿಯರಲ್ಲಿ 100ಕ್ಕೆ 70 ಮಂದಿ ದೈಹಿಕ ಇಲ್ಲವೇ ಲೈಂಗಿಕ ಹಿಂಸೆ ಅನುಭವಿಸಿದ್ದಾರೆ. ಕುಡಿತ ಎಷ್ಟು ದೊಡ್ಡ ಕಾರಣ ಅಂತ ಇದರಿಂದ ಗೊತ್ತಾಗುತ್ತದೆ. ಆದರೆ ಅದೇ ಸಮೀಕ್ಷೆಯಲ್ಲಿ, ಕುಡಿಯದೇ ಇರುವ ಗಂಡಂದಿರ ಹೆಂಡತಿಯರಲ್ಲೂ 100ಕ್ಕೆ 23 ಮಂದಿ ಹಿಂಸೆ ಅನುಭವಿಸಿದ್ದಾರೆ. ಆ 23 ಮನೆಗಳಲ್ಲಿ ಬಾಟಲಿಯೇ ಇಲ್ಲ. ಹೊಡೆತ ಎಲ್ಲಿಂದ ಬಂತು?

‘ಕುಡಿಯದಿದ್ದರೆ ದೇವರಂಥ ಮನುಷ್ಯ’ ಎಂಬ ಮಾತು ಈ ಪ್ರಶ್ನೆಯನ್ನು ಮುಚ್ಚಿಬಿಡುತ್ತದೆ. ನನಗೆ ಆ ಮಾತು ಕೇಳಿದರೆ ಸಂಕಟವಾಗುತ್ತದೆ, ಯಾಕೆಂದರೆ ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ. ನಿಮ್ಮ ಯಜಮಾನರು ಅದೇ ಅಮಲಿನಲ್ಲಿ ಪೀಣ್ಯದಿಂದ ಲಗ್ಗೆರೆವರೆಗೆ ಬರುತ್ತಾರೆ. ದಾರಿಯಲ್ಲಿ ಟ್ರಾಫಿಕ್ ಪೊಲೀಸ್ ಗಾಡಿ ನಿಲ್ಲಿಸಿದರೆ ‘ಸಾರ್, ಸಾರ್’ ಅನ್ನುತ್ತಾರೆ. ಮ್ಯಾನೇಜರ್ ಫೋನ್ ಮಾಡಿದರೆ ಧ್ವನಿ ಸರಿಮಾಡಿಕೊಂಡು ಮಾತಾಡುತ್ತಾರೆ. ಯಾರ ಮುಂದೆ ಕೈ ಎತ್ತಬಾರದು ಅನ್ನುವುದು ಆ ಅಮಲಿನಲ್ಲೂ ಅವರಿಗೆ ನೆನಪಿರುತ್ತದೆ. ಮದ್ಯ ಮಿದುಳಿನ ಬ್ರೇಕ್ ಸಡಿಲ ಮಾಡುತ್ತದೆ, ಅದು ನಿಜ. ಸಣ್ಣ ಮಾತು ದೊಡ್ಡ ಅವಮಾನದ ಹಾಗೆ ಕೇಳಿಸುತ್ತದೆ. ಬಹಳ ವರ್ಷ ಕುಡಿದವರಲ್ಲಿ ಹೆಂಡತಿಯ ಮೇಲೆ ಇಲ್ಲದ ಸಂಶಯ ಬೆಳೆಯುವುದೂ ಉಂಟು. ಅದು ಹಟವಾಗಿ, ರೋಗವಾಗಿ, ಕೆಲವೊಮ್ಮೆ ಕುಡಿಯದ ದಿನವೂ ಉಳಿದುಬಿಡುತ್ತದೆ. ನಿಮ್ಮ ಫೋನ್ ನೋಡುವ ಚಾಳಿ ಆ ಮಟ್ಟ ಮುಟ್ಟಿದೆಯಾ ಅಂತ ಮನೋವೈದ್ಯರು ನೋಡಬೇಕು, ಅದನ್ನು ಮರೆಯದೆ ಹೇಳಿ. ಆದರೆ ಬ್ರೇಕ್ ಸಡಿಲವಾದ ಗಾಡಿ ದಿನಾ ಒಂದೇ ಮನೆಯ ಕಡೆಗೆ ಉರುಳಿದರೆ ಇಳಿಜಾರು ಎಲ್ಲಿದೆ ಅಂತಲೂ ನೋಡಬೇಕಲ್ಲ. ‘ಹೆಂಡತಿ ನನ್ನ ಮಾತು ಕೇಳಬೇಕು, ಕೇಳದಿದ್ದರೆ ಹೊಡೆದು ಕಲಿಸಬಹುದು’ ಅನ್ನುವ ನಂಬಿಕೆ ಕುಡಿಯುವುದಕ್ಕೆ ಮೊದಲೇ ಇರುತ್ತದೆ. ಅದಕ್ಕೆ ಮಾತ್ರೆ ಇಲ್ಲ.

ಹಾಗಾಗಿ ಇವು ಎರಡು ಕೆಲಸ. ಕುಡಿತಕ್ಕೆ ಒಂದು ಚಿಕಿತ್ಸೆ, ಹಿಂಸೆಗೆ ಇನ್ನೊಂದು. ಎರಡೂ ಒಟ್ಟಿಗೆ ನಡೆಯಬೇಕು. ಒಂದನ್ನು ಮುಗಿಸಿ ಇನ್ನೊಂದು ಅಂತ ಕಾದರೆ ಎರಡನೆಯದು ಬರುವುದೇ ಇಲ್ಲ. ಕುಡಿತ ಬಿಡಿಸುವ ಕಡೆ ಹೊಡೆತದ ಬಗ್ಗೆ ಕೇಳುವುದಿಲ್ಲ, ಹೊಡೆತಕ್ಕೆ ನ್ಯಾಯ ಹೇಳುವ ಹಿರಿಯರು ಕುಡಿತ ಬಿಡು ಅಂತ ಹೇಳಿ ಎದ್ದು ಹೋಗುತ್ತಾರೆ. ನಡುವೆ ನಿಮ್ಮಂಥವರು ಉಳಿಯುತ್ತೀರಿ.

ಅತ್ತೆಯವರು ಹೇಳಿದ ಪುಡಿಯ ವಿಷಯ. ದಯವಿಟ್ಟು ಬೇಡ. ಅದು ಬಹುಶಃ ಡೈಸಲ್ಫಿರಾಮ್ ಮಾತ್ರೆ. ಅದು ದೇಹದಲ್ಲಿದ್ದಾಗ ಕುಡಿದರೆ ಮದ್ಯ ಅರ್ಧ ಕರಗಿ ವಿಷವಾಗಿ ನಿಲ್ಲುತ್ತದೆ. ಮುಖ ಕೆಂಪೇರುತ್ತದೆ, ವಾಂತಿ, ಎದೆ ಹೊಡೆತ, ಬಿಪಿ ಕುಸಿಯುತ್ತದೆ. ಪ್ರಾಣ ಹೋಗುವುದೂ ಉಂಟು. ಮಾತ್ರೆ ನಿಲ್ಲಿಸಿ ಎರಡು ವಾರದವರೆಗೂ ಈ ಅಪಾಯ ಇರುತ್ತದೆ. ಮದ್ಯದ ಅಂಶ ಇರುವ ಕೆಮ್ಮಿನ ಸಿರಪ್ ಕುಡಿದರೂ ಆಗಬಹುದು. ಎಲ್ಲ ತಿಳಿದು, ಒಪ್ಪಿ, ಲಿವರ್ ಮತ್ತು ಹೃದಯದ ಪರೀಕ್ಷೆ ಮಾಡಿಸಿಕೊಂಡು ತೆಗೆದುಕೊಳ್ಳುವವನಿಗೆ ಅದು ಒಳ್ಳೆಯ ಔಷಧ. ಗೊತ್ತಿಲ್ಲದೆ ತಿಂದವನಿಗೆ ವಿಷ. ಇನ್ನೊಂದು ಮಾತು: ನೀವು ಸಾರಿಗೆ ಏನೋ ಹಾಕಿದ್ದೀರಿ ಅಂತ ಅವರಿಗೆ ಗೊತ್ತಾದ ರಾತ್ರಿಯನ್ನು ನೆನೆಸಿಕೊಳ್ಳಿ. ಅತ್ತೆ ಆಗ ನಿಮ್ಮ ಪರ ನಿಲ್ಲುತ್ತಾರಾ?

ಗಾಡಿ ತಂದು ಎತ್ತಿಕೊಂಡು ಹೋಗುವ ಸೆಂಟರ್ ಬಗ್ಗೆಯೂ ನನಗೆ ಅಷ್ಟೇ ಭಯ. ಒಳ್ಳೆಯ ಕೇಂದ್ರಗಳಿವೆ. ಆದರೆ ಬೋರ್ಡ್ ಹಾಕಿಕೊಂಡು, ವೈದ್ಯರೇ ಇಲ್ಲದೆ, ಕೂಡಿಹಾಕಿ ಹೊಡೆಯುವ ಜಾಗಗಳೂ ಇವೆ. ಹೊಡೆಸಿಕೊಂಡು ಮೂರು ತಿಂಗಳು ಒಳಗಿದ್ದು ಬಂದವರನ್ನು ನೋಡಿದ್ದೇನೆ. ಹೊರಗೆ ಬಂದ ದಿನವೇ ಕುಡಿದು, ‘ನನ್ನನ್ನ ಹಿಡಿದುಕೊಟ್ಟವಳು’ ಅಂತ ಹೆಂಡತಿಯ ಮೇಲೆ ಬಿದ್ದವರೂ ಅವರಲ್ಲಿದ್ದರು. ಹೊಡೆದರೆ ಬುದ್ಧಿ ಬರುತ್ತದೆ ಅನ್ನುವ ಪಾಠವನ್ನು ಮೊದಲೇ ಕಲಿತ ಮನುಷ್ಯನಿಗೆ ಅದನ್ನೇ ಮತ್ತೆ ಕಲಿಸಿ ಕಳಿಸಿದ ಹಾಗಾಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳ ತೊಂದರೆಗೂ ಅನ್ವಯಿಸುತ್ತದೆ. ಸೇರಿಸಿಕೊಳ್ಳುವ ಕೇಂದ್ರ ನೋಂದಣಿ ಆಗಿರಬೇಕು. ಸರಪಳಿ ಹಾಕುವುದು ಅಪರಾಧ. ಒಪ್ಪದವರನ್ನು ಸೇರಿಸಲು ವೈದ್ಯರ ತಪಾಸಣೆ, ದಿನದ ಮಿತಿ ಎಲ್ಲ ಇದೆ. ಯಾವುದೇ ಸೆಂಟರ್‌ಗೆ ಹೋದರೂ ಮೊದಲು ಕೇಳಿ: ನೋಂದಣಿ ಪತ್ರ ತೋರಿಸಿ, ಮನೋವೈದ್ಯರು ಯಾವ ದಿನ ಬರುತ್ತಾರೆ, ರಾತ್ರಿ ಫಿಟ್ಸ್ ಬಂದರೆ ಏನು ಮಾಡುತ್ತೀರಿ, ವಾರಕ್ಕೆ ಎಷ್ಟು ಸಲ ನಾವು ನೋಡಬಹುದು? ತಡವರಿಸಿದರೆ ಎದ್ದು ಬನ್ನಿ.

ಫಿಟ್ಸ್ ಮಾತು ಯಾಕೆ ತೆಗೆದೆ ಅಂದರೆ, ಮಾಲೆ ಹಾಕಿದ ಮೊದಲ ನಾಲ್ಕು ದಿನ ನೀವು ನೋಡಿದ ನಡುಕ ಜ್ವರ ಆಗಿರಲಿಲ್ಲ. ದಿನಾ ಕುಡಿಯುವ ದೇಹಕ್ಕೆ ಮದ್ಯ ಥಟ್ಟನೆ ನಿಂತಾಗ ಹಾಗಾಗುತ್ತದೆ. ಕೊನೆಯ ಪೆಗ್ ಆದ ಆರೆಂಟು ಗಂಟೆಗೆ ನಡುಕ, ಬೆವರು ಶುರು. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಎಲ್ಲಿದ್ದೇನೆ ಅಂತ ಗೊತ್ತಾಗುವುದಿಲ್ಲ. ಚಿಕಿತ್ಸೆ ಇಲ್ಲದಿದ್ದರೆ ಇದರಲ್ಲಿ ಸಾವೂ ಆಗುತ್ತದೆ. ಹೋದ ವರ್ಷ ಅವರು ಪಾರಾಗಿದ್ದು ಅದೃಷ್ಟ. ಈ ಸಲ ಬೆಳಿಗ್ಗೆಯೇ ಕೈ ನಡುಗುವ ಹಂತಕ್ಕೆ ಬಂದಿದ್ದಾರೆ. ಆದ್ದರಿಂದ ಮಾಲೆಯೋ ಆಣೆಯೋ ಹಾಕಿಸಿ ಥಟ್ಟನೆ ನಿಲ್ಲಿಸಬೇಡಿ. ಆಸ್ಪತ್ರೆಯಲ್ಲಿ ಲೋರಾಜೆಪಾಮ್, ಡಯಾಜೆಪಾಮ್ ಥರದ ಮಾತ್ರೆಯನ್ನು ಹೆಚ್ಚಿನಿಂದ ಶುರು ಮಾಡಿ ಕೆಲವು ದಿನಗಳಲ್ಲಿ ಇಳಿಸುತ್ತಾ ಬರುತ್ತಾರೆ, ಬಿ1 ವಿಟಮಿನ್ ಕೊಡುತ್ತಾರೆ. ವಾರ ಹತ್ತು ದಿನದ ಕೆಲಸ. ಆಮೇಲೆ ಕುಡಿಯಬೇಕು ಅನ್ನುವ ಸೆಳೆತ ಕಡಿಮೆ ಮಾಡಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಮುಂತಾದ ಮಾತ್ರೆಗಳಿವೆ, ಅವು ತಿಂಗಳುಗಟ್ಟಲೆ ಬೇಕು. ಹತ್ತು ದಿನದ ಅಡ್ಮಿಷನ್ನನ್ನೇ ಪೂರ್ತಿ ಚಿಕಿತ್ಸೆ ಅಂದುಕೊಂಡು ಬಹಳ ಮನೆಯವರು ಮೋಸ ಹೋಗುತ್ತಾರೆ.

ಬೆಂಗಳೂರಿನಲ್ಲಿ ಇದಕ್ಕೆ ಜಾಗಗಳಿಗೆ ಕೊರತೆಯಿಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಅಂತಲೇ ಪ್ರತ್ಯೇಕ ವಿಭಾಗವಿದೆ. ವಿಕ್ಟೋರಿಯಾ, ಸೇಂಟ್ ಜಾನ್ಸ್ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ಮೊದಲು ಫೋನಿನಲ್ಲಿ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ದಿನದ 24 ಗಂಟೆ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಗಾಂಜಾ, ಮಾತ್ರೆ, ಮದ್ಯ ಯಾವುದೇ ಇರಲಿ, ವ್ಯಸನಕ್ಕೇ ಬೇರೆ ಸಹಾಯವಾಣಿ 14446. ಕುಡಿತ ಬಿಡಲು ಬಯಸುವವರು ಒಬ್ಬರಿಗೊಬ್ಬರು ನೆರವಾಗುವ ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗಳು ನಗರದ ಹಲವು ಕಡೆ ನಡೆಯುತ್ತವೆ. ಕುಡಿಯುವವರ ಮನೆಯವರಿಗಾಗಿ ಅಲ್-ಅನಾನ್ ಗುಂಪುಗಳೂ ಇವೆ. ಯಜಮಾನರು ಚಿಕಿತ್ಸೆಗೆ ಬರದಿದ್ದರೂ ನೀವು ಅಲ್ಲಿಗೆ ಹೋಗಬಹುದು.

ಈಗ ಕಷ್ಟದ ಭಾಗ. ಬರಲು ಒಪ್ಪದ ಗಂಡಸನ್ನು ಬರುವ ಹಾಗೆ ಮಾಡುವುದು ಹೇಗೆ?

ನನ್ನ ಅನುಭವದಲ್ಲಿ, ‘ಹೆಂಡತಿಗೆ ಯಾಕೆ ಹೊಡೀತೀರಿ’ ಅಂತ ಶುರು ಮಾಡಿದರೆ ಗಂಡಸು ಬಾಗಿಲು ಮುಚ್ಚಿಕೊಳ್ಳುತ್ತಾನೆ. ‘ಅವಳು ಏನು ಮಾಡಿದಳು ಗೊತ್ತಾ ಸಾರ್’ ಅಂತ ಅರ್ಧ ಗಂಟೆ ಹೇಳುತ್ತಾನೆ. ಅದೇ ಮನುಷ್ಯನಿಗೆ, ‘ನಿಮ್ಮ ಮಗಳು ನಿಮ್ಮ ಬೈಕ್ ಸದ್ದು ಕೇಳಿದಾಗ ಏನು ಮಾಡುತ್ತಾಳೆ?’ ಅಂತ ಕೇಳಿದರೆ ಸುಮ್ಮನಾಗುತ್ತಾನೆ. ತುಂಬ ಜನ ಅತ್ತಿದ್ದಾರೆ. ಅವರಲ್ಲಿ ಬಹುಪಾಲು ಜನ ತಮ್ಮ ಅಪ್ಪನ ಚಪ್ಪಲಿ ಸದ್ದಿಗೆ ಮಂಚದ ಕೆಳಗೆ ಸೇರಿದ ಹುಡುಗರು. ಒಬ್ಬರು ನನ್ನ ಮುಂದೆ ಕೂತು, ‘ನಮ್ಮಪ್ಪನ ಥರ ಆಗಲ್ಲ ಅಂತ ಹತ್ತನೇ ಕ್ಲಾಸಲ್ಲಿ ದೇವರ ಮುಂದೆ ಕರ್ಪೂರ ಹಚ್ಚಿದ್ದೆ’ ಅಂದರು. ಆಮೇಲೆ ಬಹಳ ಹೊತ್ತು ಏನೂ ಮಾತಾಡಲಿಲ್ಲ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಕಾರ್ಲಾ ಸ್ಟೋವರ್ ಇದೇ ಹಿಡಿಕೆಯನ್ನು ಹಿಡಿದು ‘ಫಾದರ್ಸ್ ಫಾರ್ ಚೇಂಜ್’ ಎಂಬ ಚಿಕಿತ್ಸಾ ಕ್ರಮ ರೂಪಿಸಿದ್ದಾರೆ. ವ್ಯಸನವೂ ಇದ್ದು ಮನೆಯಲ್ಲಿ ಹಿಂಸೆಯೂ ಮಾಡುವ ಅಪ್ಪಂದಿರಿಗಾಗಿಯೇ ಇರುವುದು ಅದು. ಕುಡಿತ, ಸಿಟ್ಟು, ಅಪ್ಪನಾಗಿರುವುದು ಮೂರನ್ನೂ ಒಬ್ಬನೇ ಚಿಕಿತ್ಸಕ ಒಟ್ಟಿಗೆ ನೋಡುತ್ತಾನೆ. ಮೊದಲು ಅಪ್ಪನ ಜೊತೆ ಮಾತ್ರ ಕೆಲಸ. ತಾಯಿಯನ್ನು ಕರೆಯುವುದು ಆಮೇಲೆ, ಅದೂ ಸುರಕ್ಷಿತ ಅಂತ ಖಾತ್ರಿಯಾದರೆ, ಅವಳು ಒಪ್ಪಿದರೆ. ಮಗು ಬರುವುದು ಎಲ್ಲಕ್ಕಿಂತ ಕೊನೆಯಲ್ಲಿ. ಈ ಕ್ರಮವನ್ನು ನಾನು ತುಂಬ ಮೆಚ್ಚುತ್ತೇನೆ. ನಮ್ಮಲ್ಲಿ ಉಲ್ಟಾ ನಡೆಯುತ್ತದೆ. ಮೊದಲ ದಿನವೇ ಗಂಡ ಹೆಂಡತಿ ಇಬ್ಬರನ್ನೂ ಎದುರುಬದುರು ಕೂರಿಸಿ, ‘ಹೇಳಮ್ಮ ಏನು ತೊಂದರೆ’ ಅಂತ ಕೇಳುತ್ತಾರೆ. ಅವಳು ಹೇಳುತ್ತಾಳೆ. ಮನೆಗೆ ಹೋದ ಮೇಲೆ ಹೇಳಿದ್ದಕ್ಕೆ ಹೊಡೆತ ತಿನ್ನುತ್ತಾಳೆ. ಕುತ್ತಿಗೆ ಹಿಡಿಯುವ ಮಟ್ಟಕ್ಕೆ ಹೋದ ಮನೆಯಲ್ಲಿ ಜೋಡಿ ಕೌನ್ಸೆಲಿಂಗ್ ಸದ್ಯಕ್ಕೆ ಬೇಡ. ನಿಮ್ಮನ್ನು ಒಟ್ಟಿಗೆ ಕೂರಿಸಲು ಹೊರಟರೆ ‘ನನ್ನ ಜೊತೆ ಬೇರೆಯಾಗಿ ಮಾತಾಡಿ’ ಅಂತ ಕೇಳಿ. ಅದು ನಿಮ್ಮ ಹಕ್ಕು.

ಆ ಕೋಣೆಯಲ್ಲಿ ಅಪ್ಪನ ಜೊತೆ ಏನು ನಡೆಯುತ್ತದೆ? ಒಂದು ರಾತ್ರಿಯನ್ನು ಬಿಡಿಬಿಡಿಯಾಗಿ ಬಿಚ್ಚುತ್ತೇವೆ. ಎಷ್ಟು ಗಂಟೆಗೆ ಫ್ಯಾಕ್ಟರಿ ಬಿಟ್ಟಿರಿ, ಬಾರಿಗೆ ಹೋಗುವಾಗ ಮನಸ್ಸಲ್ಲಿ ಏನಿತ್ತು, ಬಾಗಿಲು ತೆಗೆಯಲು ತಡವಾದಾಗ ಏನು ಅನ್ನಿಸಿತು. ‘ನನಗೆ ಮರ್ಯಾದೆ ಇಲ್ಲ’ ಅನ್ನುವ ಯೋಚನೆ ಬಂದ ಕ್ಷಣ ಎದೆ ಬಿಗಿಯಾಯಿತಾ, ಕಿವಿ ಬಿಸಿಯಾಯಿತಾ? ‘ಗೊತ್ತಾಗಲಿಲ್ಲ ಸಾರ್, ಕೈ ಎತ್ತಿಬಿಟ್ಟೆ’ ಅನ್ನುವವರು ನಾಲ್ಕನೇ ವಾರಕ್ಕೆ ಕೈ ಎತ್ತುವುದಕ್ಕೆ ಮುಂಚಿನ ಐದಾರು ಮೆಟ್ಟಿಲುಗಳನ್ನು ತಾವೇ ಎಣಿಸುತ್ತಾರೆ. ಮೆಟ್ಟಿಲು ಕಂಡ ಮೇಲೆ ಇಳಿಯುವುದನ್ನು ಕಲಿಸಬಹುದು. ಮೈ ಬಿಸಿಯಾದ ಕೂಡಲೇ ಹೊರಗೆ ಹೋಗಿ ಅರ್ಧ ಗಂಟೆ ನಡೆದು ಬರುವುದು ಒಂದು ಉಪಾಯ. ಆದರೆ ಅದನ್ನು ಶಾಂತವಾಗಿದ್ದಾಗ ಮೊದಲೇ ಹೇಳಿಟ್ಟಿರಬೇಕು, ಬಾರ್ ಇರುವ ರಸ್ತೆಗೆ ಹೋಗಬಾರದು, ವಾಪಸ್ ಬಂದು ಜಗಳವನ್ನು ಬಿಟ್ಟಲ್ಲಿಂದ ಮುಂದುವರಿಸಬಾರದು. ಹೊಡೆದದ್ದನ್ನು ‘ಜಗಳ ಆಯ್ತು’ ಅನ್ನದೆ ‘ನಾನು ಹೊಡೆದೆ’ ಅಂತ ಹೇಳಲು ಕಲಿಯುವುದು ಇನ್ನೊಂದು. ಕೇಳಲು ಸಣ್ಣದು. ಆ ಒಂದು ಸಾಲು ಬಾಯಿಂದ ಬರಲು ಕೆಲವರಿಗೆ ಎರಡು ತಿಂಗಳು ಹಿಡಿದಿದೆ.

ಮನೆಯಲ್ಲಿ ಮಾತು ತೆಗೆಯುವುದಾದರೆ ಕುಡಿದಾಗ ಬೇಡ, ಬೆಳಗಿನ ನಡುಕದ ಹೊತ್ತೂ ಬೇಡ. ನೀವೊಬ್ಬರೇ ಇದ್ದಾಗಲೂ ಬೇಡ. ಅವರು ಗೌರವ ಕೊಡುವ ಒಬ್ಬರಿದ್ದರೆ, ಅವರ ಗುರುಸ್ವಾಮಿಯೇ ಆಗಲಿ, ಹಳೆಯ ಗೆಳೆಯರೇ ಆಗಲಿ, ಅವರಿಂದ ಹೇಳಿಸಿ: ‘ಕೈ ನಡುಗ್ತಿದೆ, ಮೊದಲು ಡಾಕ್ಟರ್‌ಗೆ ತೋರಿಸೋಣ ಬಾ.’ ದೇಹದ ಕಾಯಿಲೆ ಅಂದರೆ ನಮ್ಮ ಗಂಡಸರು ಬೇಗ ಒಪ್ಪುತ್ತಾರೆ. ಅಲ್ಲಿಗೆ ಹೋದ ಮೇಲೆ ನೀವು ಬೇರೆಯಾಗಿ ಡಾಕ್ಟರ್‌ಗೆ ಎಲ್ಲವನ್ನೂ ಹೇಳಿ, ಕುತ್ತಿಗೆಯ ವಿಷಯವನ್ನೂ. ‘ನಾನು ಹೇಳಿದೆ ಅಂತ ಅವರಿಗೆ ಗೊತ್ತಾಗಬಾರದು’ ಅಂತ ಸ್ಪಷ್ಟವಾಗಿ ಹೇಳಿ. ಮಗಳ ಬೈಕ್ ಸದ್ದಿನ ಮಾತನ್ನು ಮಾತ್ರ ಮನೆಯಲ್ಲಿ ಎತ್ತಬೇಡಿ, ಅವಳ ಮೇಲೆ ಸಿಟ್ಟು ತಿರುಗಬಹುದು. ಅದನ್ನು ಆಸ್ಪತ್ರೆಯವರು ಸಮಯ ನೋಡಿ ಕೇಳಲಿ.

ಅವರು ಒಪ್ಪದೇ ಹೋದರೆ? ಆಗಲೂ ದಾರಿ ಇದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಗಂಡನನ್ನು ಜೈಲಿಗೆ ಹಾಕಲು ಮಾಡಿದ್ದಲ್ಲ. ನಿಮಗೆ ರಕ್ಷಣೆ ಕೊಡಲು ಮಾಡಿದ್ದು. ಹೊಡೆಯಬಾರದು, ಹತ್ತಿರ ಬರಬಾರದು ಅಂತ ಮ್ಯಾಜಿಸ್ಟ್ರೇಟ್ ಆದೇಶ ಕೊಡಬಹುದು. ಮನೆ ಯಾರ ಹೆಸರಲ್ಲಿದ್ದರೂ ನಿಮ್ಮನ್ನು ಹೊರಗೆ ಹಾಕದಂತೆ ತಡೆಯಬಹುದು. ಮಕ್ಕಳ ಖರ್ಚಿಗೆ ದುಡ್ಡು ಕೊಡಿಸಬಹುದು. ಅದರ 14ನೇ ಕಲಮಿನ ಪ್ರಕಾರ ಗಂಡನಿಗೆ ಕೌನ್ಸೆಲಿಂಗ್‌ಗೆ ಹೋಗು ಅಂತಲೂ ಹೇಳಬಹುದು. ಇದು ಬಹಳ ಜನಕ್ಕೆ ಗೊತ್ತಿಲ್ಲ. ಆದೇಶ ಮುರಿದರೆ ಆಗ ಶಿಕ್ಷೆ, ಒಂದು ವರ್ಷದವರೆಗೆ ಜೈಲು ಇಲ್ಲವೇ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕರ್ನಾಟಕದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಈ ಕಾಯ್ದೆಯಡಿ ಸಂರಕ್ಷಣಾಧಿಕಾರಿ. ಅರ್ಜಿ ಬರೆಯಲು ಅವರು ಸಹಾಯ ಮಾಡಬೇಕು. ವಕೀಲರಿಗೆ ದುಡ್ಡಿಲ್ಲ ಅಂತ ಹಿಂಜರಿಯಬೇಡಿ, ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಉಚಿತ ವಕೀಲರು ಸಿಗುತ್ತಾರೆ. ಪೊಲೀಸ್ ಕಮಿಷನರ್ ಕಚೇರಿಯ ವನಿತಾ ಸಹಾಯವಾಣಿಯಲ್ಲೂ ಮಾತಾಡಬಹುದು. ಯಾರಾದರೂ ‘ಹೊಂದಿಕೊಂಡು ಹೋಗಮ್ಮ’ ಅಂತ ರಾಜಿ ಮಾಡಿಸಿ ಕಳಿಸಿದರೆ ಅಲ್ಲಿಗೇ ಬಿಡಬೇಡಿ, ಇನ್ನೊಂದು ಬಾಗಿಲು ತಟ್ಟಿ.

ಒಂದು ಎಚ್ಚರಿಕೆ ಕೂಡ. ಹೆಂಡತಿ ಬಿಟ್ಟು ಹೋಗುತ್ತಾಳೆ, ದೂರು ಕೊಡುತ್ತಾಳೆ ಅಂತ ಗೊತ್ತಾದ ದಿನಗಳಲ್ಲೇ ಹಿಂಸೆ ಜಾಸ್ತಿಯಾಗುವುದು. ಸಿಟ್ಟಿನಲ್ಲಿ ‘ನಾಳೆ ಕಂಪ್ಲೇಂಟ್ ಕೊಡ್ತೀನಿ’ ಅಂತ ಬಾಯಿಬಿಡಬೇಡಿ. ಮೊದಲು ಸುರಕ್ಷಿತ ಜಾಗ ನೋಡಿಕೊಂಡು, ಆಮೇಲೆ ಹೆಜ್ಜೆ ಇಡಿ.

‘ಮಕ್ಕಳಿಗೆ ಅಪ್ಪ ಬೇಕಲ್ವಾ?’ ಬೇಕು. ಆದರೆ ಒಂದೇ ಸೂರಿನಡಿ ಇರಲೇಬೇಕು ಅಂತ ಇಲ್ಲ. ಚಿಕಿತ್ಸೆ ತೆಗೆದುಕೊಳ್ಳುತ್ತಾ, ಭಾನುವಾರ ಅಜ್ಜಿಮನೆಯಲ್ಲಿ ಎರಡು ಗಂಟೆ ಮಕ್ಕಳ ಜೊತೆ ಕುಡಿಯದೆ ಕೂರುವ ಅಪ್ಪನಿಂದ ಮಕ್ಕಳಿಗೆ ಸಿಗುವುದು, ದಿನಾ ರಾತ್ರಿ ಹೆದರಿಸುವ ಅಪ್ಪನಿಂದ ಸಿಗುವುದಿಲ್ಲ. ‘ಮಕ್ಕಳ ಮೇಲೆ ಕೈ ಮಾಡಿಲ್ಲ’ ಅಂತ ಬರೆದಿದ್ದೀರಿ. ಅಮ್ಮನಿಗೆ ಬೀಳುವ ಹೊಡೆತದ ಸದ್ದನ್ನು ಪಕ್ಕದ ಕೋಣೆಯಲ್ಲಿ ಕೇಳುವ ಮಗುವಿನ ಮೈಯಲ್ಲೂ ಅದೇ ಭಯ ಏರುತ್ತದೆ. ನಿದ್ದೆ ಹಾಳಾಗುತ್ತದೆ, ಪಾಠ ತಲೆಗೆ ಹೋಗುವುದಿಲ್ಲ. ಐದು ವರ್ಷದ ಹುಡುಗರು ಮತ್ತೆ ಹಾಸಿಗೆ ಒದ್ದೆ ಮಾಡುತ್ತಾರೆ, ಇಲ್ಲ ಶಾಲೆಯಲ್ಲಿ ಹೊಡೆಯಲು ಕಲಿಯುತ್ತಾರೆ. ನಿಮ್ಮ ಮಗಳು ಬೈಕ್ ಸ್ಟ್ಯಾಂಡಿನ ಸದ್ದಿಗೆ ಕಿವಿ ಕೊಟ್ಟು ಕೂತಿರುತ್ತಾಳಲ್ಲ, ಅದು ಮನೆಯ ಕಾವಲು ಕೆಲಸ. 12 ವರ್ಷದ ಹುಡುಗಿ ಆ ಕೆಲಸ ಮಾಡಬಾರದು.

ಚಿಕಿತ್ಸೆ ಶುರುವಾದ ಮೇಲೆ ಮೊದಲ ತಿಂಗಳು ಹೂವು, ಸೀರೆ, ಕಣ್ಣೀರು ಎಲ್ಲ ಬರಬಹುದು. ಅದನ್ನು ಬದಲಾವಣೆ ಅಂತ ಅಳೆಯಬೇಡಿ. ನೀವು ‘ಇಲ್ಲ’ ಅಂದಾಗ ಏನಾಗುತ್ತದೆ ನೋಡಿ. ತವರಿಗೆ ಹೋಗಿ ಒಂದು ದಿನ ಜಾಸ್ತಿ ಉಳಿದರೆ ಏನು ಮಾಡುತ್ತಾರೆ, ನಿಮ್ಮ ಫೋನ್ ಮುಟ್ಟುವುದು ನಿಂತಿದೆಯಾ, ಮಗಳು ಅಪ್ಪನ ಮುಂದೆ ಜೋರಾಗಿ ನಗುತ್ತಾಳಾ? ಕುಡಿತದಲ್ಲಿ ಜಾರುವುದು ಉಂಟು, ಒಮ್ಮೆ ಜಾರಿದರೆ ಎಲ್ಲ ಮುಗಿಯಿತು ಅಂತ ಅಲ್ಲ, ಮರುದಿನ ಡಾಕ್ಟರ್ ಹತ್ತಿರ ಹೋಗಬೇಕು. ಆದರೆ ಹೊಡೆತಕ್ಕೆ ಆ ರಿಯಾಯಿತಿ ಇಲ್ಲ. ‘ಜಾರಿ ಹೊಡೆದುಬಿಟ್ಟೆ’ ಅನ್ನುವುದನ್ನು ಒಪ್ಪಿಕೊಳ್ಳಬೇಡಿ. ಆ ದಿನ ಮಕ್ಕಳ ಜೊತೆ ಮನೆ ಬಿಟ್ಟು ಹೊರಡಬೇಕು, ಅದಕ್ಕೇ ಆ ಚೀಲ.

ಈ ವಾರ ಇಷ್ಟು ಮಾಡಿ. ಶಾಲೆಯಿಂದ 14416ಕ್ಕೆ ಫೋನ್ ಮಾಡಿ. ಚೀಲ ಕಟ್ಟಿಡಿ. ಪಕ್ಕದ ಮನೆಯವರಿಗೆ ಹೇಳಿ. ಮಗಳನ್ನು ಹತ್ತಿರ ಕೂರಿಸಿಕೊಂಡು, ‘ಅಪ್ಪ ಹೊಡೆಯುವುದು ತಪ್ಪು. ಅದು ನಿನ್ನಿಂದ ಆಗಿದ್ದಲ್ಲ. ನೀನು ನಡುವೆ ಬರಬೇಡ’ ಅಂತ ಹೇಳಿ. ಆ ಸದ್ದು ಕೇಳಿದ ರಾತ್ರಿ ತಮ್ಮನ ಕೈ ಹಿಡಿದುಕೊಂಡು ಯಾರ ಮನೆಗೆ ಹೋಗಬೇಕು ಅಂತಲೂ ಹೇಳಿಕೊಡಿ. ಹಗಲಲ್ಲೇ ಒಂದು ಸಲ ಆ ಮನೆವರೆಗೆ ಅವಳ ಜೊತೆ ನಡೆದು ಬನ್ನಿ.